ಪಾದ್ರಿ ಹುಟ್ಟಿದ ಮನೆಯ ತಾಮ್ರದ ಕೊಡ

ಆಗ ನನಗೆ ಎಪ್ಪತ್ತೊಂದು. ಈಗ ಎಪ್ಪತ್ತೈದು ನಡೆದಿದೆ, ಅಂದರೆ ನಾಲ್ಕು ವರ್ಷದ ಹಿಂದಿನ ಮಾತು. ಪಾಸ್‌ಪೋರ್ಟಿನಲ್ಲಿ ಎರಡು ವರ್ಷ ಕಡಿಮೆ ಇದೆ. ಅದನ್ನು ಬರೆಸಿದವರು ಡಾಕ್ಟರು, ನನ್ನನ್ನು ಕೇಳಿ ಬರೆಸಲಿಲ್ಲ.

ನಾನು ಓದಿದ್ದು ಮೂರನೇ ಇಯತ್ತೆ. ಬರೆಯುವುದು ನಿಧಾನ, ಓದುವುದು ಇನ್ನೂ ನಿಧಾನ. ಧಾರವಾಡದಲ್ಲಿ ಒಬ್ಬ ಡಾಕ್ಟರ ಮನೆಯಲ್ಲಿ ಅಡಿಗೆಗೆ ಇದ್ದೆ. ಅವರು ಇಲ್ಲಿ ವಿಲಾಯತಿಯ ಸರಕಾರಿ ಆಸ್ಪತ್ರೆಗೆ ಬರುವಾಗ ಇಬ್ಬರು ಹೆಣ್ಣುಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಅಂತ ನನ್ನನ್ನೂ ಕರೆದುಕೊಂಡು ಬಂದರು. ಮಕ್ಕಳು ದೊಡ್ಡವರಾದರು, ಡಾಕ್ಟರು ಸ್ಕಾಟ್‌ಲೆಂಡಿಗೆ ಹೋದರು, ನಾನು ಹೋಗಲಿಲ್ಲ. ಅಷ್ಟರಲ್ಲಿ ನನ್ನ ಕಾಗದಪತ್ರ ಆಗಿತ್ತು, ಏರ್‌ಪೋರ್ಟಿನಲ್ಲಿ ಪಾಯಿಖಾನೆ ತೊಳೆಯುವ ಕೆಲಸ ಸಿಕ್ಕಿತ್ತು. ಫೆಲ್ಥಮ್‌ನಲ್ಲಿ ಕೌನ್ಸಿಲ್ ಫ್ಲ್ಯಾಟು ಸಿಕ್ಕಿತು. ಗಂಡ ಅಂತ ಒಬ್ಬನಿದ್ದ, ಮದುವೆಯಾಗಿ ನಾಲ್ಕನೇ ವರ್ಷಕ್ಕೆ ಸತ್ತ. ಮಕ್ಕಳಿಲ್ಲ. ಇದಿಷ್ಟು ನನ್ನ ಕತೆ.

ಏರ್‌ಪೋರ್ಟಿನ ಕೆಲಸ ಬಿಟ್ಟ ಮೇಲೆ ಗೊತ್ತಾಯಿತು, ಮಾತಾಡುವುದು ಕೂಡ ಕೆಲಸದ ಜೊತೆಗೇ ಬರುತ್ತಿತ್ತು ಅಂತ. ಒಮ್ಮೆ ಮೂರು ದಿನ ಬಾಯಿ ತೆರೆಯದೆ ಇದ್ದೆ. ಬೇಕು ಅಂತಲ್ಲ, ಯಾರೂ ಸಿಗಲಿಲ್ಲ. ನಾಲ್ಕನೇ ದಿನ ಬಸ್ಸು ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಯೂ ಅನ್ನಲು ಹೋದರೆ ಗಂಟಲು ಕಟ್ಟಿ ಬರೀ ಗಾಳಿ ಬಂತು. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ಬಾಗಿಲು ಹಾಕಿದ.

ನನ್ನ ಜೊತೆ ಏರ್‌ಪೋರ್ಟಿನಲ್ಲಿ ಹದಿನೈದು ವರ್ಷ ದುಡಿದ ಮಂಗಳೂರಿನವಳೊಬ್ಬಳಿದ್ದಳು. ಮನೆಯಲ್ಲಿ ಕೊಂಕಣಿ, ಭಾನುವಾರ ಚರ್ಚು, ನನ್ನೊಡನೆ ಮಾತ್ರ ಅವರ ಕಡೆಯ ಕನ್ನಡ. ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು. ಅವಳೇ ಒಂದು ದಿನ ಫೋನು ಮಾಡಿದಳು.

"ಅಕ್ಕ, ಒಂದು ಕೆಲಸ ಉಂಟು. ಹಳೇ ಮನೆ ಒಂದು ರಿಪೇರಿ ಮಾಡ್ತಾ ಇದ್ದಾರೆ, ಪಾದ್ರಿ ಹುಟ್ಟಿದ ಮನೆ. ನಾನು ಅಲ್ಲಿ ವಾಲಂಟಿಯರ್. ಗುಡಿಸ್ಲಿಕ್ಕೆ ಜನ ಬೇಕಂತೆ. ನೀವು ಬರ್ತೀರಾ?"

"ನಿಮ್ಮ ಚರ್ಚಿನ ಪಾದ್ರಿ ಏನ?"

"ಅಲ್ಲ ಮಾರಾಯ್ತಿ, ಬೇರೆ ಪಂಗಡ. ಸತ್ತು ಎಷ್ಟೋ ಕಾಲ ಆಯ್ತು. ನಿಮ್ಮ ಊರ ಕಡೆಗೇ ಹೋಗಿದ್ದನಂತೆ."

ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಕೆಂಪು ಇಟ್ಟಿಗೆಯ ಸಣ್ಣ ಮನೆ, ಕೆಳಗೆ ಎರಡು ಕೋಣೆ, ಮೇಲೆ ಎರಡು, ಹಿಂದೆ ಅಡಿಗೆಮನೆ. ಪಾದ್ರಿಯ ಅಪ್ಪ ಕಾಯಿಪಲ್ಲೆ ಬೆಳೆದು ಗಾಡಿಯಲ್ಲಿ ಪೇಟೆಗೆ ಒಯ್ಯುತ್ತಿದ್ದನಂತೆ. ಮಗ ಹಡಗು ಹತ್ತಿ ನಮ್ಮ ಪಕ್ಕದ ಜಿಲ್ಲೆಗೆ ಹೋಗಿ, ಶಾಲೆ ಮಾಡಿ, ಔಷಧ ಕೊಟ್ಟು, ಮುದುಕನಾದ ಮೇಲೆ ತಿರುಗಿ ಬಂದು ಅದೇ ಮನೆಯಲ್ಲಿ ಸತ್ತನಂತೆ. ಆಮೇಲೆ ಆ ಮನೆ ಸೈಕಲ್ ಅಂಗಡಿ ಆಯಿತು, ಬಾಡಿಗೆಯವರ ಮನೆ ಆಯಿತು, ಕೊನೆಗೆ ಪಾರಿವಾಳದ ಗೂಡಾಯಿತು. ಈಗ ಅದನ್ನು ಮೊದಲಿದ್ದ ಹಾಗೆ ಮಾಡಿ ಜನರಿಗೆ ತೋರಿಸಬೇಕೆಂದು ಕಮಿಟಿಯೊಂದು ಟೊಂಕಕಟ್ಟಿ ನಿಂತಿತ್ತು. ಕಮಿಟಿಯ ದೊಡ್ಡಾಕೆ ರಿಟೈರಾದ ಶಾಲೆಯ ಟೀಚರು. ಎತ್ತರದ ಹೆಂಗಸು, ಮೊಣಕೈ ಹರಿದ ಸ್ವೆಟರು, ಬಾಯಿ ತೆರೆದರೆ ಸಾರಿ. ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದಿದರೆ ಅವಳು ಕೆಟ್ಟವಳು ಅನ್ನಿಸಬಹುದು.

ನಾನು ಹೋದ ಮೊದಲ ದಿನ ಕೂಲಿಯವರು ಗೋಡೆಯ ಕಾಗದ ಕೆರೆಯುತ್ತಿದ್ದರು. ಒಂದರ ಮೇಲೊಂದು ಏಳೆಂಟು ಪದರ. ಹೂವಿನದು, ಪಟ್ಟೆಯದು, ಮತ್ತೆ ಹೂವಿನದು. ತಳದಲ್ಲಿ ಹಸಿರು ಸುಣ್ಣ ಸಿಕ್ಕಾಗ ಟೀಚರು ಚಪ್ಪಾಳೆ ತಟ್ಟಿದಳು, ಪಾದ್ರಿ ಕೂಸಿದ್ದಾಗ ನೋಡಿದ ಬಣ್ಣ ಇದೇ ಅಂತ. ನಾನು ಕೆಳಗೆ ಬಿದ್ದ ಕಾಗದ ಗುಡಿಸಿ ಚೀಲಕ್ಕೆ ತುಂಬಿದೆ. ತಲೆಯ ಮೇಲೆ ಎರಡೆರಡು ನಿಮಿಷಕ್ಕೊಂದು ವಿಮಾನ. ಪಾದ್ರಿ ಕೂಸಿದ್ದಾಗ ಅದೊಂದು ಇರಲಿಲ್ಲ, ಅದನ್ನು ಮಾತ್ರ ಯಾರಿಗೂ ಕೆರೆಯಲು ಆಗಲಿಲ್ಲ.

ವಾರಕ್ಕೆ ಎರಡು ದಿನ ಹೋಗುತ್ತಿದ್ದೆ. ಒಂದು ತಿಂಗಳಾದ ಮೇಲೆ ಟೀಚರು ಹಿಂದಿನ ಬಾಗಿಲಿನ ಕೀಲಿಕೈ ನನ್ನ ಕೈಗೆ ಕೊಟ್ಟಳು. ಈ ದೇಶದಲ್ಲಿ ನನ್ನ ಫ್ಲ್ಯಾಟಿನದ್ದು ಬಿಟ್ಟು ಬೇರೆ ಕೀಲಿಕೈ ನನಗೆ ಕೊಟ್ಟವರು ಅದೇ ಮೊದಲು. ಡಾಕ್ಟರ ಮನೆಯಲ್ಲಿ ಕೂಡ ನಾನು ಗಂಟೆ ಬಾರಿಸಿಯೇ ಒಳಗೆ ಹೋಗುತ್ತಿದ್ದೆ. ಎರಡನ್ನೂ ಒಂದೇ ದಾರಕ್ಕೆ ಕಟ್ಟಿ ಕೋಟಿನ ಕಿಸೆಯಲ್ಲಿ ಇಟ್ಟುಕೊಂಡೆ. ನಡೆದರೆ ಕಿಣಿ ಕಿಣಿ ಅನ್ನುತ್ತಿದ್ದವು.

ಹನ್ನೊಂದು ಗಂಟೆಗೆ ಎಲ್ಲರೂ ಅಡಿಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ನನಗೂ ಒಂದು ಕಪ್ಪು, ಅದರ ಮೇಲೆ ಬಾತುಕೋಳಿಯ ಚಿತ್ರ. ನಾನಿಲ್ಲದ ದಿನ ಅದರಲ್ಲಿ ಬೇರೆ ಯಾರೂ ಕುಡಿಯುತ್ತಿರಲಿಲ್ಲ ಎಂದು ಮಂಗಳೂರಿನವಳು ಹೇಳಿದ್ದಳು. ಮಾತು ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಆದರೂ ಸಾಕಾಗಿತ್ತು.

ಮನೆ ತಯಾರಾದ ಮೇಲೆ ಸಾಮಾನು ಬಂದವು. ಮೇಲಿನ ಕೋಣೆಗೆ ಪಾದ್ರಿ ಹುಟ್ಟಿದ ಮಂಚ. ಅದು ಅವನು ಹುಟ್ಟಿದ ಮಂಚವಲ್ಲ, ಎಲ್ಲಿಂದಲೋ ಹುಡುಕಿ ತಂದದ್ದು. ಚೀಟಿಯ ಮೇಲೆ ಹಾಗೆಯೇ ಬರೆದು ಅಂಟಿಸಿದರು, ಆ ಕಾಲದ ಮಂಚ, ಅವನದಲ್ಲ ಅಂತ. ಮಂಗಳೂರಿನವಳು ಓದಿ ಹೇಳಿದಾಗ ನನಗೆ ಮೆಚ್ಚುಗೆಯಾಯಿತು. ಪಾದ್ರಿಯ ಮರಿಮಗನೊಬ್ಬ ಒಂದು ಟ್ರಂಕು ಕೊಟ್ಟ. ಬೈಬಲ್ಲು, ಕನ್ನಡಕ, ಪಾದ್ರಿಯ ಹೆಂಡತಿಯ ಕೈಗವಸು, ಅವು ಗಾಜಿನೊಳಗೆ ಹೋದವು. ಜೊತೆಗೆ ಒಂದು ಕೊಡ. ಅದು ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಅಡಿಗೆಮನೆಯ ಒಲೆಯ ಪಕ್ಕ ನೆಲದ ಮೇಲೆ ಇಟ್ಟರು.

ನಮ್ಮ ಕಡೆಯ ತಾಮ್ರದ ಕೊಡ. ಕಂಡ ಕೂಡಲೇ ಗೊತ್ತಾಯಿತು. ಹೊಟ್ಟೆ, ಕೊರಳು, ಹೊರಚಾಚಿದ ಬಾಯಿ. ಆದರೆ ಇದ್ದಿಲಿನ ಹಾಗೆ ಕಪ್ಪು, ಸಂದಿಯಲ್ಲೆಲ್ಲ ಹಸಿರು ಕಿಲುಬು. ಎರಡು ವಾರ ಅದನ್ನು ದಾಟಿಕೊಂಡು ನೆಲ ಒರೆಸಿದೆ. ಉದ್ಘಾಟನೆಗೆ ಹತ್ತು ದಿನ ಇರುವಾಗ ತಡೆಯಲಿಲ್ಲ. ಮಂದಿ ಬರುವ ಮನೆಯಲ್ಲಿ ಭಾಂಡೆ ಕಪ್ಪಾಗಿದ್ದರೆ ಆ ಮನೆಯ ಹೆಂಗಸಿಗೆ ನಾಚಿಕೆ. ಆ ಮನೆಯಲ್ಲಿ ಬೇರೆ ಹೆಂಗಸು ಯಾರಿದ್ದರು, ಕಸಬರಿಗೆ ಹಿಡಿದವಳು ನಾನೇ. ಮನೆಯಿಂದ ಹುಣಸೆಹಣ್ಣು, ಉಪ್ಪು ಕಟ್ಟಿಕೊಂಡು ಹೋದೆ. ಬೆಳಿಗ್ಗೆ ಬೇಗ ಹೋಗಿ ಹಿಂದಿನ ಸಿಂಕಿನಲ್ಲಿಟ್ಟು ತಿಕ್ಕಿದೆ. ಮೊಣಕೈ ನೋಯುವ ತನಕ ತಿಕ್ಕಿದೆ. ಕಪ್ಪು ನೀರು, ಹಸಿರು ನೀರು, ಆಮೇಲೆ ತಿಳಿನೀರು. ಹುಟ್ಟಿದ ಕೂಸಿನ ಅಂಗಾಲಿನ ಹಾಗೆ ಕೆಂಪಗೆ ಹೊರಬಂತು.

ಟೀಚರು ಬಂದು ನೋಡಿದಳು. ಮೆಟ್ಟಿಲ ಮೇಲೆ ಕೂತು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮಂಗಳೂರಿನವಳು ಓಡಿ ಬಂದಳು.

"ಎಂತ ಮಾಡಿದ್ದು ಅಕ್ಕ ನೀವು? ಅದು ಮ್ಯೂಸಿಯಮ್‌ನ ಸಾಮಾನು, ನಿಮ್ಮ ಅಡಿಗೆಮನೆಯದ್ದಲ್ಲ!"

"ಕಪ್ಪಾಗಿತ್ತು. ತಿಕ್ಕಿದೆ."

"ಕಪ್ಪೇ ಇರ್ಬೇಕಿತ್ತು ಅದು! ಆ ಕಪ್ಪೇ ಹಳೇದಕ್ಕೆ ಗುರ್ತು. ಅಷ್ಟು ಕಾಲದ ಬಣ್ಣ ಅರ್ಧ ಗಂಟೆಯಲ್ಲಿ ತೆಗ್ದಿರಿ."

"ಬಣ್ಣ ಅಲ್ಲ ತಂಗಿ, ಕಿಲುಬು. ಅವರು ಗ್ವಾಡಿ ಕೆರದ್ರ ಕೆಲಸ, ನಾ ಕೊಡ ತಿಕ್ಕಿದ್ರ ತಪ್ಪೇನ?"

ಅವಳು ಅದನ್ನು ಟೀಚರಿಗೆ ಹೇಳಲಿಲ್ಲ. ಬೇರೇನೋ ಹೇಳಿದಳು, ಪಾಪ, ಮುದುಕಿ, ಗೊತ್ತಾಗಲಿಲ್ಲ ಅನ್ನುವ ಹಾಗೆ. ಅವಳು ತಲೆ ಅಲ್ಲಾಡಿಸಿದ ರೀತಿಯಿಂದಲೇ ತಿಳಿಯಿತು.

ಅಷ್ಟರಲ್ಲಿ ನಾನು ಕೊಡವನ್ನು ಒರೆಸಲು ತಿರುಗಿಸಿದೆ. ಬೆರಳಿಗೆ ತರಿತರಿ ಹತ್ತಿತು. ಕೊರಳಿನ ಕೆಳಗೆ ಚುಕ್ಕಿ, ಚುಕ್ಕಿ. ಮೊಳೆಯಿಂದ ಹೊಡೆದ ಚುಕ್ಕಿಗಳ ಸಾಲು. ಕಿಟಕಿಯ ಹತ್ತಿರ ಒಯ್ದು ಒಂದೊಂದೇ ಅಕ್ಷರ ಕೂಡಿಸಿದೆ. ಒಬ್ಬ ಹೆಂಗಸಿನ ಹೆಸರು, ಅದರ ಕೆಳಗೆ ಊರಿನ ಹೆಸರು. ಕನ್ನಡದಲ್ಲಿ. ಆಕೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಆಕೆಯ ಮನೆತನದವರು ಇನ್ನೂ ಎಲ್ಲಾದರೂ ಇರಬಹುದು.

ಟೀಚರು ಎದ್ದು ಬಂದಳು. ಆಮೇಲೆ ಆದದ್ದು ಬೇರೆಯೇ. ಫೋನು, ಫೋಟೋ, ಲಾಟೀನಿನಂಥದೊಂದು ದೀಪ ತಂದು ಓರೆಯಾಗಿ ಹಿಡಿದು ಮತ್ತೆ ಫೋಟೋ. ನನ್ನನ್ನು ತಬ್ಬಿಕೊಂಡಳು ಕೂಡ. ಒಂದು ಗಂಟೆಯ ಹಿಂದೆ ನಾನು ಹಾಳು ಮಾಡಿದವಳು, ಈಗ ಹುಡುಕಿ ಕೊಟ್ಟವಳು. ನಾನು ಮಾಡಿದ್ದು ಎರಡೂ ಹೊತ್ತಿಗೆ ಒಂದೇ ಕೆಲಸ.

ಮೂರು ದಿನ ಬಿಟ್ಟು ಟೀಚರು ನನ್ನನ್ನು ಕೂಡಿಸಿಕೊಂಡು ಮಾತಾಡಿದಳು, ಮಂಗಳೂರಿನವಳು ನಡುವೆ ಕೂತು ತಿಳಿಸಿ ಹೇಳಿದಳು. ಮಾತು ಹೀಗೆ. ಕೊಡದ ಪಕ್ಕ ಒಂದು ಕುರ್ಚಿ ಹಾಕುತ್ತಾರೆ. ವಾರಕ್ಕೆ ಮೂರು ದಿನ ನಾನು ಅಲ್ಲಿ ಕೂರಬೇಕು. ಎದೆಗೆ ಬಿಲ್ಲೆ. ಬಂದವರಿಗೆ ಆ ಹೆಸರು ಓದಿ ಹೇಳಬೇಕು, ನಮ್ಮ ಕಡೆ ನೀರು ಹೇಗೆ ತರುತ್ತಿದ್ದರು ಹೇಳಬೇಕು. ಗುಡಿಸುವುದಕ್ಕೆ ಬೇರೆಯವರು. ಉದ್ಘಾಟನೆಯ ದಿನ ಮೊದಲು ಓದುವವಳೂ ನಾನೇ.

"ನೋಡಿ ಅಕ್ಕ, ಕೂತಲ್ಲಿಗೆ ಜನ ಬರ್ತಾರೆ ನಿಮ್ಮೊಟ್ಟಿಗೆ ಮಾತಾಡ್ಲಿಕ್ಕೆ," ಅಂದಳು ಅವಳು. "ಇನ್ನೆಂತ ಬೇಕು?"

ಆ ಕುರ್ಚಿ ನನಗೆ ಬೇಕಾಗಿತ್ತು. ಸುಳ್ಳು ಯಾಕೆ ಹೇಳಲಿ. ಆ ರಾತ್ರಿಯೇ ಯಾವ ಸೀರೆ ಉಡಬೇಕು ಅಂತ ಯೋಚಿಸಿದೆ.

ಆಮೇಲೆ ಚೀಟಿ ಬಂತು, ಕೊಡದ ಮೇಲಿನ ಗೋಡೆಗೆ ಅಂಟಿಸುವುದು. ಮಂಗಳೂರಿನವಳು ಓದಿ ಹೇಳಿದಳು. ಪಾದ್ರಿಯಿಂದ ಗುಣವಾದ ಒಬ್ಬ ಹೆಂಗಸು ಉಪಕಾರ ನೆನೆದು ತನ್ನ ಹೆಸರು ಕೆತ್ತಿಸಿ ಕೊಟ್ಟ ಕಾಣಿಕೆ.

"ಇದು ಯಾರು ಹೇಳಿದ್ದು?" ಅಂದೆ.

"ಯಾರು ಹೇಳ್ಬೇಕು? ಹೆಸರು ಉಂಟಲ್ಲ."

"ಕಾಣಿಕಿ ಕೊಟ್ರ ಇಂಥವರಿಂದ ಇಂಥವರಿಗೆ ಅಂತ ಹೊಡಸ್ತಾರ. ಇದರಾಗ ಬರೇ ಆಕಿ ಹೆಸರು, ಆಕಿ ಊರು. ಇದು ತಿರಗಿ ಬರ್ಲಿ ಅಂತ ಹೊಡಸಿದ್ದು. ಮದುವಿಗೆ, ಹಬ್ಬಕ್ಕ ಭಾಂಡೆ ಕೊಟ್ಟು ತಗೋತೀವಲ್ಲ, ಅದಲುಬದಲು ಆಗಬಾರದು ಅಂತ. ನಿಮ್ಮ ಕಡೆ ಇಲ್ಲೇನ?"

"ಉಂಟು," ಅಂದಳು ಅವಳು. "ನಮ್ಮ ಅಮ್ಮನ ಕಂಚಿನ ಪಾತ್ರದಲ್ಲಿ ಉಂಟು. ಆದ್ರೆ ಈಗ ಅದೆಲ್ಲ ಯಾಕೆ? ಚೀಟಿ ಪ್ರಿಂಟ್ ಆಗಿದೆ, ಪಾದ್ರಿಯ ಮರಿಮಗ ಬರ್ತಾನೆ. ಸ್ವಲ್ಪ ಹೂಂ ಅಂದ್ರೆ ನಿಮ್ಮದು ಎಂತ ಹೋಗ್ತದೆ?"

"ಮಂಚಕ್ಕ ಖರೇ ಬರದಾರ. ಕೊಡಕ್ಕ ಯಾಕ ಬರಿಯೂದಿಲ್ಲ? ಟೀಚರಿಗೆ ಹೇಳು."

"ನಾನು ಹೇಳುದಿಲ್ಲ. ನೀವೂ ಹೇಳ್ಬೇಡಿ. ನಿಮಗೆ ಕುರ್ಚಿ ಬೇಡ್ವಾ?"

ಭಾನುವಾರ ಡಾಕ್ಟರ ಕಿರಿಮಗಳು ಫೋನು ಮಾಡಿದಳು. ಅವಳು ಕ್ಯಾನರಿ ವಾರ್ಫ್‌ನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ, ತಿಂಗಳಿಗೊಮ್ಮೆ ಮಾಡುತ್ತಾಳೆ. ನಾನು ತುತ್ತು ಮಾಡಿ ತಿನ್ನಿಸಿದ ಹುಡುಗಿ. ನಾನು ಕನ್ನಡದಲ್ಲಿ ಎಲ್ಲ ಹೇಳಿದೆ. ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು.

"ಆಯಿ, ಜಸ್ಟ್ ಸೇ ಇಟ್ಸ್ ಎ ಗಿಫ್ಟ್. ಹೂ ಕೇರ್ಸ್?"

"ಹೌದವಾ," ಅಂದು ಫೋನು ಇಟ್ಟೆ.

ನಾನು ಸುಳ್ಳು ಹೇಳದವಳಲ್ಲ. ಏರ್‌ಪೋರ್ಟಿನಲ್ಲಿ ಇಲ್ಲದ ತಮ್ಮನನ್ನು ಎರಡು ಸಲ ಸಾಯಿಸಿ ರಜೆ ತೆಗೆದುಕೊಂಡಿದ್ದೇನೆ. ಆದರೆ ನನ್ನ ಅಡಿಗೆಮನೆಯ ಕಿಟಕಿಯಲ್ಲಿ ಒಂದು ಹಿತ್ತಾಳೆ ಚರಿಗೆ ಇದೆ, ನೀರು ಕುಡಿಯುವ ತಂಬಿಗೆ. ಅವ್ವನದು. ಧಾರವಾಡದಿಂದ ಬರುವಾಗ ಬಟ್ಟೆಯಲ್ಲಿ ಸುತ್ತಿಕೊಂಡು ತಂದದ್ದು ಅದೊಂದೇ. ಅದರ ಮೇಲೆ ಅವ್ವನ ಹೆಸರಿದೆ, ಇಂಥವೇ ಚುಕ್ಕಿಗಳಲ್ಲಿ. ನಾನು ಸತ್ತ ಮೇಲೆ ಫ್ಲ್ಯಾಟು ಖಾಲಿ ಮಾಡುವವರು ಅದನ್ನು ಎತ್ತಿ ನೋಡುತ್ತಾರೆ, ಚಂದ ಇದೆ ಅನ್ನುತ್ತಾರೆ, ಯಾರೋ ಮನೆಗೆ ಒಯ್ಯುತ್ತಾರೆ. ಒಯ್ಯಲಿ. ಆದರೆ ಮುದುಕಿ ನನಗೆ ಕೊಟ್ಟಳು ಅಂತ ಹೇಳಿದರೆ ಅದು ಸುಳ್ಳು.

ಉದ್ಘಾಟನೆಗೆ ಐವತ್ತು ಅರವತ್ತು ಜನ ಬಂದಿದ್ದರು. ಕೊರಳಿಗೆ ಸರಪಳಿ ಹಾಕಿಕೊಂಡ ಮೇಯರ್ ರಿಬ್ಬನ್ ಕತ್ತರಿಸಿದ. ಟೀಚರು ಹೊಸ ಸ್ವೆಟರು ಹಾಕಿದ್ದಳು. ಆರು ವರ್ಷ ಆ ಮನೆಗಾಗಿ ಅಲೆದವಳು. ಎಲ್ಲರನ್ನೂ ಮೇಲೆ ಕೆಳಗೆ ತಿರುಗಿಸಿ, ಅಡಿಗೆಮನೆಗೆ ಕರೆತಂದು, ಚೀಟಿ ಓದಿ, ನನ್ನ ಕಡೆ ಕೈ ತೋರಿಸಿದಳು. ನಾನು ನೀಲಿ ಇಳಕಲ್ ಸೀರೆ ಉಟ್ಟು ಬಿಲ್ಲೆ ಹಾಕಿಕೊಂಡು ನಿಂತಿದ್ದೆ. ಹೆಸರು ಓದಿದೆ. ಊರು ಓದಿದೆ. ಚಪ್ಪಾಳೆ ಬಿತ್ತು. ಅಷ್ಟಕ್ಕೇ ಮುಗಿದಿದ್ದರೆ ಮುಗಿಯುತ್ತಿತ್ತು.

ಪಾದ್ರಿಯ ಮರಿಮಗ ಮುಂದೆ ಬಂದ. ಅವನೂ ಮುದುಕನೇ, ಕೋಲು ಹಿಡಿದಿದ್ದ. ಬಾಗಿ ಆ ಚುಕ್ಕಿಗಳನ್ನು ಮುಟ್ಟಿ ನನ್ನನ್ನೇ ಕೇಳಿದ, ಹಾಗಾದರೆ ಆಕೆ ಇದನ್ನು ನಮ್ಮ ಹಿರಿಯರಿಗೆ ಕೊಟ್ಟಳೇ ಅಂತ.

ಮಂಗಳೂರಿನವಳು ಹಿಂದಿನಿಂದ ನನ್ನ ಸೆರಗು ಎಳೆದಳು. ನನ್ನ ಇಂಗ್ಲಿಷಿನಲ್ಲಿ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಇದ್ದ ನಾಲ್ಕು ಶಬ್ದದಲ್ಲಿ ಹೇಳಿದೆ, ಕೊಟ್ಟದ್ದಲ್ಲ, ನಮ್ಮ ಕಡೆ ಹೆಸರು ಹೊಡೆಸುವುದು ತಿರುಗಿ ಬರಲಿ ಅಂತ, ಇದು ತಿರುಗಿ ಹೋಗಿಲ್ಲ.

ಒಂದು ವಿಮಾನ ಹೋಯಿತು. ಅದು ಹೋಗುವ ತನಕ ಎಲ್ಲರೂ ಕೊಡವನ್ನೇ ನೋಡಿದರು. ಪಾದ್ರಿ ಕದ್ದ ಅಂತ ನಾನು ಹೇಳಲಿಲ್ಲ. ನನಗೆ ಗೊತ್ತಿಲ್ಲ. ಜ್ವರ ಬಂದು ಮಲಗಿದವನ ಮನೆಗೆ ಆಕೆ ನೀರು ತುಂಬಿ ಕಳಿಸಿರಬಹುದು, ಖಾಲಿ ಕೊಡ ಕೇಳಲು ಹೋಗುವಷ್ಟರಲ್ಲಿ ಅವನು ಹಡಗು ಹತ್ತಿರಬಹುದು. ಇಷ್ಟೆಲ್ಲ ಹೇಳುವ ಇಂಗ್ಲಿಷು ನನ್ನಲ್ಲಿರಲಿಲ್ಲ.

"ನಮ್ಮ ಮನೆಯಲ್ಲಿ ಇದರಲ್ಲಿ ಛತ್ರಿ ಇಡುತ್ತಿದ್ದೆವು," ಅಂದ ಮುದುಕ ಮೆಲ್ಲಗೆ. ಸಿಟ್ಟಾಗಲಿಲ್ಲ. ಟೀಚರು ಜೋರಾಗಿ ನಕ್ಕು ಎಲ್ಲರನ್ನೂ ಚಹಾಕ್ಕೆ ಕರೆದಳು.

ಜನ ಹೋದ ಮೇಲೆ ಬಾತುಕೋಳಿಯ ಕಪ್ಪಿನಲ್ಲಿ ನನಗೆ ತಾನೇ ಚಹಾ ಹಾಕಿ ತಂದುಕೊಟ್ಟಳು. ಮೊದಲು ಸಾರಿ ಅಂದಳು. ಮುಂದೆ ಗುಡಿಸಲಿಕ್ಕೆ ಕಂಪನಿಯವರು ಬರುತ್ತಾರೆ, ಸಾಮಾನು ಮುಟ್ಟುವವರಿಗೆ ತರಬೇತಿ ಬೇಕಂತೆ, ಇನ್ಶೂರೆನ್ಸಿನವರ ಮಾತು. ಕುರ್ಚಿಯ ವಿಷಯ ಕಮಿಟಿ ಯೋಚಿಸುತ್ತದೆ. ಕೀಲಿಕೈ ಸದ್ಯಕ್ಕೆ ಕೊಟ್ಟರೆ ಒಳ್ಳೆಯದು. ಕೊಡ ತಿಕ್ಕಿದ್ದಕ್ಕೋ ಬಾಯಿ ಬಿಟ್ಟದ್ದಕ್ಕೋ ನಾನು ಕೇಳಲಿಲ್ಲ. ದಾರದ ಗಂಟು ಬಿಗಿಯಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಅವಳು ಕೈ ಚಾಚಿಕೊಂಡು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದಳು. ಬಿಲ್ಲೆಯನ್ನೂ ಬಿಚ್ಚಿ ಕೊಟ್ಟೆ. ಕಪ್ಪು ತೊಳೆದು ಬೋರಲು ಹಾಕಿದೆ.

ಬಸ್ ಸ್ಟಾಪಿನಲ್ಲಿ ಮಂಗಳೂರಿನವಳು ನನ್ನಿಂದ ಒಂದು ಮಾರು ದೂರ ನಿಂತಳು.

"ಈಗ ಸಮಾಧಾನ ಆಯ್ತಲ್ಲ ನಿಮಗೆ?"

"ಹೂಂ."

"ಎಂತ ಹೂಂ? ನಾನು ಆ ಟೀಚರ ಮುಖ ಹೇಗೆ ನೋಡುದು ಇನ್ನು? ನಿಮ್ಮನ್ನು ಕರ್ಕೊಂಡು ಬಂದದ್ದು ನಾನು."

"ನೋಡಬ್ಯಾಡ. ಕೊಡ ನೋಡು."

ಅವಳು ನಗಲಿಲ್ಲ. ಅವಳ ಬಸ್ಸು ಮೊದಲು ಬಂತು. ಆಮೇಲೆ ಅವಳು ಸ್ಟ್ರಾಟ್‌ಫರ್ಡ್‌ನಲ್ಲಿ ಮಗಳ ಮನೆಗೆ ಹೋದಳು. ಅಲ್ಲಿಂದ ಒಂದು ಸಲ ಫೋನು ಮಾಡಿ ಹೇಳಿದಳು, ಚೀಟಿ ಬದಲಾಯಿಸಿದ್ದಾರೆ. ಇದರ ಮೇಲೆ ಒಬ್ಬ ಹೆಂಗಸಿನ ಹೆಸರಿದೆ, ಇಲ್ಲಿಗೆ ಹೇಗೆ ಬಂತೆಂದು ನಮಗೆ ತಿಳಿಯದು. ಟೀಚರೇ ಬರೆದಳಂತೆ. ಕುರ್ಚಿ ಇದೆಯಂತೆ, ಕಾಲು ನೊಂದವರು ಕೂರುತ್ತಾರಂತೆ. ನಾನು ನೋಡಲು ಹೋಗಿಲ್ಲ. ಆ ಮನೆಗೆ ಮುಂಬಾಗಿಲಿನಿಂದ ಹೋಗಿ ನನಗೆ ಅಭ್ಯಾಸವಿಲ್ಲ.

ಅದು ಆಮೇಲಿನ ಮಾತು. ಆ ಸಂಜೆ ಬಸ್ಸಿಳಿದು ಫ್ಲ್ಯಾಟಿಗೆ ನಡೆದು ಬಂದೆ. ಕಿಸೆಯಲ್ಲಿ ಕೈ ಹಾಕಿದೆ. ಒಂದೇ ಕೀಲಿಕೈ ಸದ್ದು ಮಾಡುವುದಿಲ್ಲ. ಸೀರೆ ಮಡಿಸಿಟ್ಟು, ಮೊಸರನ್ನ ಉಂಡು ಮಲಗಿದೆ.

ಮರುದಿನ ಬೆಳಿಗ್ಗೆ ಉಳಿದಿದ್ದ ಹುಣಸೆಹಣ್ಣಿನಿಂದ ಅವ್ವನ ಚರಿಗೆ ತಿಕ್ಕಿದೆ. ಹೊಡೆತಕ್ಕೆ ನೆಗ್ಗದಿರಲಿ ಅಂತ ಅದರೊಳಗೆ ಹಿಟ್ಟು ಒತ್ತಿ ತುಂಬಿ, ಟವೆಲ್ಲು ಹಾಸಿ ನೆಲದ ಮೇಲೆ ಅಡ್ಡ ಮಲಗಿಸಿದೆ. ಗೋಡೆಯ ಮೊಳೆಯೊಂದನ್ನು ಕಿತ್ತೆ, ಕುಟ್ಟಾಣಿಯ ಗುಂಡು ತೆಗೆದುಕೊಂಡೆ. ಅವ್ವನ ಹೆಸರಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು ಹೊಡೆದೆ. ಸೊಟ್ಟಗೆ ಬಂತು, ಬರಲಿ. ಅದರ ಕೆಳಗೆ ಊರು ಬೇಕು. ಹುಟ್ಟಿದ ಊರಿನಲ್ಲಿ ನನ್ನ ಗುರುತು ಹಿಡಿಯುವವರಿಲ್ಲ. ಫ್ಲ್ಯಾಟಿನ ನಂಬರು ಹೊಡೆಯತೊಡಗಿದೆ. ಕೆಳಗಿನ ಮನೆಯವನು ಕೋಲಿನಿಂದ ಚಾವಣಿಗೆ ಬಡಿದ. ಅವನು ನಿಲ್ಲಿಸುವ ತನಕ ಕಾದೆ. ಉಳಿದ ಆರು ಚುಕ್ಕಿ ಹೊಡೆದು, ಹಿಟ್ಟು ತೆಗೆದು, ಚರಿಗೆ ತೊಳೆದು ನೀರು ಕುಡಿದೆ.